ಅಪ್ಪ 1985ರ ಅಮೆರಿಕ ಕಾಲೇಜ್ ಬ್ಯಾಸ್ಕೆಟ್‌ಬಾಲ್ ಫೈನಲ್ ಹಾಸನದಲ್ಲಿ ಕೂತು ನೋಡಿದ್ದಾರಂತೆ, ನಂಬಬಹುದಾ?

ಸಾಲಗಾಮೆ ರೋಡ್ ಹುಡುಗ, ಹಾಸನ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನನ್ನ ತಂಗಿ ಎಂಎಸ್ ಮಾಡಲು ಅಮೆರಿಕಕ್ಕೆ ಹೋಗಿದ್ದಾಳೆ. ಇಲ್ಲಿರುವ ತನಕ ಬ್ಯಾಸ್ಕೆಟ್‌ಬಾಲ್ ಕಡೆ ತಿರುಗಿಯೂ ನೋಡಿದವಳಲ್ಲ. ಈಗ ಮಾರ್ಚ್ ಬಂದರೆ ಓದು ಬಿಟ್ಟು ಅದೇ ಧ್ಯಾನ. ಅಲ್ಲಿ ಮಾರ್ಚ್‌ನಲ್ಲಿ ಕಾಲೇಜುಗಳ ದೊಡ್ಡ ಟೂರ್ನಮೆಂಟ್ ನಡೆಯುತ್ತೆ. 68 ಟೀಮು, ಸೋತರೆ ಸೀದಾ ಮನೆಗೆ. 2025ರ ಫೈನಲ್ ದಿನ ಅವಳು ವಿಡಿಯೊ ಕಾಲ್ ಮಾಡಿ, ಫೋನನ್ನು ತನ್ನ ಟಿವಿ ಮುಂದೆ ಅವಲಕ್ಕಿ ಡಬ್ಬಕ್ಕೆ ಒರಗಿಸಿಟ್ಟಳು. ಅಲ್ಲಿ ಸೋಮವಾರ ರಾತ್ರಿ, ಇಲ್ಲಿ ಮಂಗಳವಾರ ಬೆಳಿಗ್ಗೆ ಆರೂವರೆ. ಫ್ಲಾರಿಡಾಗೂ ಹ್ಯೂಸ್ಟನ್‌ಗೂ ಆಟ. ಅಮ್ಮ ಕಾಫಿ ಕೊಟ್ಟರು. ಅಪ್ಪ ಕನ್ನಡಕ ಏರಿಸಿಕೊಂಡು ಫೋನಿನೊಳಗಿನ ಟಿವಿಯನ್ನು ನೋಡುತ್ತ ಕೂತರು.

ಅಪ್ಪ 1983ರಿಂದ 87ರವರೆಗೆ ಇಲ್ಲೇ ಇಂಜಿನಿಯರಿಂಗ್ ಓದಿದವರು, ಕಾಲೇಜ್ ಟೀಮಿನಲ್ಲಿದ್ದರು. ಹತ್ತು ನಿಮಿಷ ಆಗಿಲ್ಲ, ಶುರು ಮಾಡಿದರು. "ಇದೇನೋ ಇದು, ನಾಲ್ಕು ನಿಮಿಷ ಆಟ, ಮೂರು ನಿಮಿಷ ಜಾಹೀರಾತು. ಎಲ್ರೂ ದೂರದಿಂದ ಎಸೆಯೋರೇ. ಪಾಸ್ ಮಾಡೋರು ಯಾರೂ ಇಲ್ವಾ? ನಾವು ನೋಡಿದ್ದೀವಲ್ಲ 85ರ ಫೈನಲ್, ಅದು ಆಟ."

ಎಲ್ಲಿ ನೋಡಿದ್ರಿ ಅಂತ ಕೇಳಿದೆ. ಹಾಸನದಲ್ಲೇ, ಸ್ನೇಹಿತರ ಮನೆಯಲ್ಲಿ, ಕ್ಯಾಸೆಟ್ ಹಾಕಿ ಅಂದರು. ಅಲ್ಲಿಗೆ ಸರಿ. ಆಮೇಲೆ ಹೇಳಿದ್ದು ಕೇಳಿ ಡೌಟ್ ಬಂತು. ಆಟ ಕಪ್ಪುಬಿಳುಪಲ್ಲಿ ಇತ್ತಂತೆ. ಆಟಗಾರರೆಲ್ಲ ಗಿಡ್ಡ ಗಿಡ್ಡ ಕಾಣುತ್ತಿದ್ದರಂತೆ, ಏಳಡಿ ಪ್ಯಾಟ್ರಿಕ್ ಯೂಯಿಂಗ್ ಕೂಡ! 1985ರಲ್ಲಿ ಅಮೆರಿಕದಲ್ಲಿ ಕಪ್ಪುಬಿಳುಪು ಟಿವಿನಾ? ಯೂಟ್ಯೂಬ್‌ನಲ್ಲಿ ಅದೇ ಆಟ ಹುಡುಕಿದೆ, ಚೆನ್ನಾಗಿ ಕಲರ್‌ನಲ್ಲೇ ಇದೆ. ಅಪ್ಪನಿಗೆ ತೋರಿಸಿದರೆ "ನಾವು ನೋಡಿದ್ದು ಬೇರೆ" ಅಂತ ಎದ್ದು ಸ್ನಾನಕ್ಕೆ ಹೋದರು.

ಅಪ್ಪ ಸುಮ್ನೆ ಬಿಡ್ತಿದ್ದಾರಾ? ಅಥವಾ ಹಳೇ ಆಟ ನಿಜವಾಗಿ ಅಷ್ಟು ಬೇರೆ ಇತ್ತಾ? ಗೊತ್ತಿರೋರು ಹೇಳಿ.

ಹಳೇ ಪಾಯಿಂಟ್ ಗಾರ್ಡ್

ತಮ್ಮಾ, ಕ್ಯಾಸೆಟ್ ವಿಷಯ ಬೇರೆ ಯಾರಾದರೂ ಹೇಳಲಿ, ನಾನು ಆಟದ ಬಗ್ಗೆ ಹೇಳ್ತೀನಿ. ನಾನೂ ಹಾಸನದವನೇ. ನಿಮ್ಮ ತಂದೆಗಿಂತ ಎರಡು ಮೂರು ವರ್ಷ ಹಿರಿಯ ಇರಬಹುದು.

ನಾವು ಆಡಿದ್ದು ಮಣ್ಣಿನ ಕೋರ್ಟಿನಲ್ಲಿ. ಬೆಳಿಗ್ಗೆ ನೀರು ಹಾಕಿ, ಸುಣ್ಣ ಎಳೆದು, ಒಣಗಿದ ಮೇಲೆ ಆಟ. ಆದರೆ ತಮಾಷೆ ನೋಡಿ. ನಮಗೆ 30 ಸೆಕೆಂಡ್ ರೂಲ್ ಇತ್ತು. ಬಾಲ್ ಕೈಗೆ ಬಂದ 30 ಸೆಕೆಂಡಿನೊಳಗೆ ಶಾಟ್ ಹೊಡೆಯಬೇಕು. ಅದು ಫಿಬಾ, ಅಂದರೆ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯ ರೂಲು, 1956ರಿಂದಲೂ ಇದ್ದದ್ದು. ಗಡಿಯಾರ ಗಿಡಿಯಾರ ಏನೂ ಇಲ್ಲ, ಪಿಟಿ ಮೇಷ್ಟ್ರು ಸ್ಟಾಪ್‌ವಾಚ್ ಹಿಡಿದು ಕೂತಿರುತ್ತಿದ್ದರು, ಟೈಮ್ ಆಯ್ತು ಅಂದರೆ ಜೋರಾಗಿ ಕೂಗುತ್ತಿದ್ದರು. ಅವರು ಪಕ್ಕದವರ ಜೊತೆ ಮಾತಿಗೆ ಇಳಿದರೆ ನಮಗೆ 40 ಸೆಕೆಂಡೂ ಸಿಗುತ್ತಿತ್ತು ಅನ್ನಿ.

ಅಮೆರಿಕದ ಕಾಲೇಜು ಗಂಡಸರ ಆಟದಲ್ಲಿ ಆಗ ಈ ರೂಲೇ ಇರಲಿಲ್ಲ! ನಂಬೋಕೆ ಆಗಲ್ಲ ಅಲ್ವಾ? ಮುಂದಿದ್ದ ಟೀಮು ಬಾಲ್ ಹಿಡಿದುಕೊಂಡು ನಿಮಿಷಗಟ್ಟಲೆ ಆಚೆ ಈಚೆ ಪಾಸ್ ಮಾಡುತ್ತ ಕಾಲ ಕಳೆಯಬಹುದಿತ್ತು. ನಾರ್ತ್ ಕೆರೊಲಿನಾದ ಕೋಚ್ ಡೀನ್ ಸ್ಮಿತ್ ಇದರಲ್ಲಿ ಎತ್ತಿದ ಕೈ. ಕೋರ್ಟಿನ ನಾಲ್ಕು ಮೂಲೆಗೆ ನಾಲ್ಕು ಜನರನ್ನು ನಿಲ್ಲಿಸಿ ಬಾಲ್ ಸುತ್ತಿಸುತ್ತಿದ್ದರು. 1982ರಲ್ಲಿ ಎಸಿಸಿ ಅನ್ನೋ ಕಾಲೇಜು ಲೀಗಿನ ಫೈನಲ್, ನಾರ್ತ್ ಕೆರೊಲಿನಾ ಮತ್ತು ವರ್ಜೀನಿಯಾ. ಒಂದು ಕಡೆ ಮೈಕಲ್ ಜೋರ್ಡಾನ್, ಜೇಮ್ಸ್ ವರ್ದಿ. ಇನ್ನೊಂದು ಕಡೆ ಏಳಡಿ ನಾಲ್ಕಿಂಚಿನ ರಾಲ್ಫ್ ಸ್ಯಾಂಪ್ಸನ್. ದೇಶವೆಲ್ಲ ಟಿವಿ ಮುಂದೆ ಕೂತಿದೆ. ಇವರು ಬಾಲ್ ಹಿಡಿದುಕೊಂಡು ನಿಂತುಬಿಟ್ಟರು. ಸ್ಕೋರು 47–45. ಮನೆಯಲ್ಲಿ ಕೂತು ನೋಡುವವನಿಗೆ ಏನನ್ನಿಸಬೇಕು? ಮದುವೆ ಮನೆಗೆ ಕರೆದು ಎಲೆ ಹಾಕಿ ಬಡಿಸದೆ ಕೂರಿಸಿದ ಹಾಗೆ. ಇಷ್ಟು ಸೆಕೆಂಡಿನೊಳಗೆ ಹೊಡೆಯಲೇಬೇಕು ಅನ್ನುವ ಗಡಿಯಾರ, ಅಂದರೆ ಶಾಟ್ ಕ್ಲಾಕ್, ಬೇಕು ಅನ್ನುವ ಕೂಗು ಆಗ ಜೋರಾಯಿತು. 1985–86ರ ಸೀಸನ್‌ನಿಂದ 45 ಸೆಕೆಂಡ್ ಆಯಿತು. 1993ರಲ್ಲಿ 35, 2015ರಲ್ಲಿ 30. ಅಂದರೆ ನಮ್ಮ ಮಣ್ಣಿನ ಕೋರ್ಟಿನ ರೂಲಿಗೆ ಅವರು ಬಂದು ಸೇರಿದ್ದು 2015ರಲ್ಲಿ. ಅಷ್ಟು ಹೊತ್ತಿಗೆ ಫಿಬಾ 24ಕ್ಕೆ ಇಳಿದಾಗಿತ್ತು, ಆ ಮಾತು ಬೇರೆ.

ಈಗ ನಿಮ್ಮ ತಂದೆ ಹೇಳಿದ 85ರ ಫೈನಲ್. ವಿಲ್ಲನೋವಾ 66, ಜಾರ್ಜ್‌ಟೌನ್ 64. ಶಾಟ್ ಕ್ಲಾಕ್ ಇಲ್ಲದೆ ನಡೆದ ಕೊನೆಯ ಫೈನಲ್ ಅದು. ಯೂಯಿಂಗ್ ಇದ್ದ ಜಾರ್ಜ್‌ಟೌನ್ ಆನೆ ಇದ್ದ ಹಾಗೆ. ವಿಲ್ಲನೋವಾ ಯಾರ ಲೆಕ್ಕದಲ್ಲೂ ಇರಲಿಲ್ಲ. ಅವರು ಬಾಲ್ ಇಟ್ಟುಕೊಂಡು, ಕಾದು, ಸರಿಯಾದ ಜಾಗ ಸಿಕ್ಕಾಗ ಮಾತ್ರ ಹೊಡೆದರು. ಇಡೀ ಆಟದಲ್ಲಿ ಹೊಡೆದದ್ದು 28 ಶಾಟ್, ಬಿದ್ದದ್ದು 22. ಸೆಕೆಂಡ್ ಹಾಫ್‌ನಲ್ಲಿ ತಪ್ಪಿದ್ದು ಒಂದೇ ಒಂದು. ಈಗಿನ ರೂಲಿನಲ್ಲಿ ಅಷ್ಟು ಹೊತ್ತು ಕಾಯೋಕೆ ಬಿಡ್ತಾರಾ? ಆ ಲೆಕ್ಕದಲ್ಲಿ ನಿಮ್ಮ ತಂದೆ ಹೇಳಿದ್ದು ಅರ್ಧ ಸರಿ. ಬಾಲ್ ಇಟ್ಟುಕೊಂಡು ಬೋರ್ ಹೊಡೆಸೋಕೂ ಆಗುತ್ತಿತ್ತು, ಅದೇ ಬಾಲ್ ಇಟ್ಟುಕೊಂಡು ದೊಡ್ಡವರನ್ನು ಮಣಿಸೋಕೂ ಆಗುತ್ತಿತ್ತು.

ದೂರದಿಂದ ಎಸೆಯೋದಕ್ಕೂ ಕಾರಣ ಇದೆ. ಆಚೆಯಿಂದ ಹಾಕಿದರೆ ಎರಡರ ಬದಲು ಮೂರು ಪಾಯಿಂಟ್ ಸಿಗುವ ಥ್ರೀ ಪಾಯಿಂಟ್ ಗೆರೆ ಅಲ್ಲಿನ ಕಾಲೇಜುಗಳ ಗಂಡಸರ ಆಟಕ್ಕೆಲ್ಲ ಬಂದದ್ದು 1986–87ರಲ್ಲಿ. ಫಿಬಾ ಅದಕ್ಕೂ ಮುಂಚೆ, 1984ರಲ್ಲೇ ತಂದಿತ್ತು. ನಮ್ಮ ಕೋರ್ಟಿಗೆ ಆ ಗೆರೆ ಬಂದಾಗ ಮೊಳೆ ಹೊಡೆದು, ದಾರ ಕಟ್ಟಿ, ಆರೂಕಾಲು ಮೀಟರ್ ಅಳೆದು ಸುತ್ತ ಸುಣ್ಣ ಹಾಕುತ್ತಿದ್ದೆವು. ಹಾಫ್‌ಟೈಮ್ ಹೊತ್ತಿಗೆ ಕಾಲು ತಾಗಿ ಗೆರೆ ಅರ್ಧ ಮಾಯ. ಆಮೇಲೆ ಹೊಡೆದ ಪ್ರತಿ ಶಾಟಿಗೂ ಅದು ಎರಡೋ ಮೂರೋ ಅಂತ ಜಗಳ. ಒಂದು ಸಲ ರೆಫರಿ ಬೇಸತ್ತು ಎರಡೂವರೆ ಕೊಡ್ತೀನಿ ತಗೊಳ್ಳಿ ಅಂದಿದ್ದರು.

ಡಿಶ್ ಅಂಗಡಿ, ಚಿಕ್ಕಮಗಳೂರು

ನಿಮ್ಮ ಅಪ್ಪ ಬಿಡ್ತಾ ಇಲ್ಲ ಮಾರಾಯ್ರೆ. ಕಪ್ಪುಬಿಳುಪು ಅಂದ್ರಲ್ಲ, ಗಿಡ್ಡ ಅಂದ್ರಲ್ಲ, ಅದನ್ನು ಕೇಳಿದ ಮೇಲೆಯೇ ನನಗೆ ಪೂರ್ತಿ ನಂಬಿಕೆ ಬಂತು. ಸುಳ್ಳು ಹೇಳೋರಿಗೆ ಇದು ಹೊಳೆಯೋದೇ ಇಲ್ಲ.

ನಾನು ಮೊದಲು ಟಿವಿ, ವಿಸಿಆರ್ ರಿಪೇರಿ ಮಾಡ್ತಿದ್ದವನು, ಆಮೇಲೆ ಕೇಬಲ್, ಈಗ ಡಿಶ್. ಅಮೆರಿಕದ ಟಿವಿ ಸಿಸ್ಟಮ್ ಎನ್‌ಟಿಎಸ್‌ಸಿ. ನಮ್ಮದು ಪಾಲ್. ಅವರದು 525 ಗೆರೆ, ಸೆಕೆಂಡಿಗೆ 60 ಸಲ. ನಮ್ಮದು 625 ಗೆರೆ, 50 ಸಲ. ಬಣ್ಣ ಕಳಿಸುವ ರೀತಿಯೂ ಬೇರೆ. ಅಲ್ಲಿ ಯಾರೋ ನೆಂಟರು ರೆಕಾರ್ಡ್ ಮಾಡಿ ಕ್ಯಾಸೆಟ್ ಕಳಿಸಿರುತ್ತಾರೆ. ಇಲ್ಲಿನ ಸಾದಾ ವಿಸಿಆರ್‌ಗೆ ಹಾಕಿದರೆ ಬರೀ ಗೀಟು. ಗಲ್ಫ್‌ನಿಂದಲೋ ಸಿಂಗಾಪುರದಿಂದಲೋ ತಂದ ಮಲ್ಟಿ ಸಿಸ್ಟಮ್ ವಿಸಿಆರ್ ಇದ್ದರೆ ಕ್ಯಾಸೆಟ್ ಓಡುತ್ತೆ. ಆದರೆ ಟಿವಿ ನಮ್ಮದೇ ಅಲ್ವಾ? ಅದಕ್ಕೆ ಆ ಬಣ್ಣ ಅರ್ಥ ಆಗಲ್ಲ, ಕಪ್ಪುಬಿಳುಪು ತೋರಿಸುತ್ತೆ. ಗೆರೆ ಕಡಿಮೆ ಇರೋದರಿಂದ ಚಿತ್ರದ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು ನಡುವೆ ಒತ್ತಿಕೊಳ್ಳುತ್ತೆ. ಏಳಡಿ ಮನುಷ್ಯ ಆರಡಿ ಆಗ್ತಾನೆ. ಅಷ್ಟೇ ಅಲ್ಲ, ಚಿತ್ರ ನಿಲ್ಲೋದಿಲ್ಲ. ಕೆಳಗಿಂದ ಮೇಲೆ, ಮೇಲಿಂದ ಕೆಳಗೆ ಉರುಳುತ್ತಾ ಇರುತ್ತೆ. ಟಿವಿ ಹಿಂದೆ ವಿ ಹೋಲ್ಡ್ ಅಂತ ತಿರುಪು ಇರುತ್ತಿತ್ತು. ಅದನ್ನು ತಿರುಗಿಸಿ ಹಿಡಿಯಬೇಕು. ಕೆಲವು ಸೆಟ್‌ನಲ್ಲಿ ಒಂದು ಸಲ ಹಿಡಿದರೆ ಸಾಕು, ಹಳೇ ಸೆಟ್ ಆದರೆ ಬಿಟ್ಟ ಕೂಡಲೇ ಮತ್ತೆ ಉರುಳುತ್ತೆ.

ಇದರ ಮಜಾ ಏನು ಗೊತ್ತಾ? ಇಡೀ ದೇಶಕ್ಕೆ ಟಿವಿ ಹಂಚಿದ ಇನ್ಸಾಟ್ ಉಪಗ್ರಹಗಳನ್ನು ಹಿಡಿದು ನಿಲ್ಲಿಸೋದು ನಿಮ್ಮ ಹಾಸನದ ಎಂಸಿಎಫ್, ಅಂದರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ, 1982ರಿಂದ. ಅದೂ ನಿಮ್ಮ ಸಾಲಗಾಮೆ ರೋಡಿನಲ್ಲೇ. ಆ ರೋಡಿನಲ್ಲಿ ಒಂದು ಕಡೆ ಆಕಾಶದ ಉಪಗ್ರಹ ಅಲ್ಲಾಡದ ಹಾಗೆ ನೋಡಿಕೊಳ್ತಿದ್ರು, ಇನ್ನೊಂದು ಮನೆಯಲ್ಲಿ ಚಿತ್ರ ಉರುಳದ ಹಾಗೆ ತಿರುಪು ಹಿಡಿದಿದ್ರು!

ಕೇಬಲ್ ಕಾಲದ್ದೂ ಒಂದು ಮಾತು. 1991ರಲ್ಲಿ ಸ್ಟಾರ್ ಬಂದ ಮೇಲೆ ನಾನು ತಾರಸಿ ಮೇಲೆ ಹನ್ನೆರಡು ಅಡಿ ಡಿಶ್ ನಿಲ್ಲಿಸಿದೆ. ಪ್ರೈಮ್ ಸ್ಪೋರ್ಟ್ಸ್‌ನಲ್ಲಿ ಏನು ಬಂದರೂ ಜನ ನೋಡುತ್ತಿದ್ದರು, ಸೂಮೋ ಕುಸ್ತಿ ಕೂಡ. ಬ್ಯಾಸ್ಕೆಟ್‌ಬಾಲ್ ಬಂದರೆ ಹಾಸ್ಟೆಲ್ ಹುಡುಗರು ಅಂಗಡಿಗೇ ಬಂದು ನಿಲ್ಲುತ್ತಿದ್ದರು. ಮಳೆಗಾಲದಲ್ಲಿ ಆ ದೊಡ್ಡ ಡಿಶ್‌ನಲ್ಲಿ ಚಿತ್ರ ಅಷ್ಟು ಸುಲಭಕ್ಕೆ ಹೋಗ್ತಿರಲಿಲ್ಲ, ಹೋಗ್ತಿದ್ದದ್ದು ಕರೆಂಟು. ಈಗಿನ ಸಣ್ಣ ಡಿಶ್‌ಗೆ ಉಲ್ಟಾ. ಕರೆಂಟ್ ಇರುತ್ತೆ, ಜೋರು ಮಳೆ ಬಂದರೆ ಚಿತ್ರ ಇರಲ್ಲ.

ಗೂಗ್ಲಿ

ಕ್ರಿಕೆಟ್ ಬಿಟ್ಟು ಇದೆಲ್ಲ ಯಾರು ನೋಡ್ತಾರೆ ಸ್ವಾಮಿ. ಸುಮ್ನೆ ಟೈಮ್‌ಪಾಸ್.

ಹಳೇ ಪಾಯಿಂಟ್ ಗಾರ್ಡ್

ನೀವು ಓದಿದ್ರಲ್ಲ, ಸಾಕು.

ರತ್ನಗಿರಿ ಬೋರೆ, ಚಿಕ್ಕಮಗಳೂರು

ನಾನು 2006ರಿಂದ 2014ರವರೆಗೆ ಇಂಡಿಯಾನಾದಲ್ಲಿದ್ದೆ, ಈಗ ಊರಿಗೆ ವಾಪಸ್ ಬಂದು ತೋಟ ನೋಡ್ಕೊಂಡಿದ್ದೀನಿ. ಇಂಡಿಯಾನಾದಲ್ಲಿ ಗ್ಯಾರೇಜ್ ಇರುವ ಮನೆ ಅಂದರೆ ಅದರ ಮೇಲೊಂದು ರಿಂಗ್ ಇದ್ದೇ ಇರುತ್ತೆ, ನಮ್ಮಲ್ಲಿ ಮನೆ ಮುಂದೆ ತುಳಸಿ ಕಟ್ಟೆ ಇದ್ದ ಹಾಗೆ.

ಅಪ್ಪ ಹೇಳಿದ ಜಾಹೀರಾತಿನ ವಿಷಯ ನೂರಕ್ಕೆ ನೂರು ನಿಜ. ಅಲ್ಲಿ ಗಂಡಸರ ಆಟದಲ್ಲಿ ಒಂದು ಹಾಫ್ 20 ನಿಮಿಷ. ಗಡಿಯಾರ 16, 12, 8, 4 ನಿಮಿಷಕ್ಕಿಂತ ಕೆಳಗೆ ಇಳಿದ ಮೇಲೆ ಆಟ ಮೊದಲ ಸಲ ನಿಂತಾಗ ಟಿವಿ ಟೈಮ್‌ಔಟ್. ಕೋಚ್ ಕೇಳಿದ್ದಲ್ಲ, ರೆಫರಿಗೆ ಬೇಕಾಗಿದ್ದೂ ಅಲ್ಲ, ಜಾಹೀರಾತಿಗೆ. ಸುಸ್ತಾದ ಟೀಮಿನ ಕೋಚ್ ಮನಸ್ಸಲ್ಲೇ ಲೆಕ್ಕ ಹಾಕುತ್ತ ಇರುತ್ತಾನೆ, ಇನ್ನೊಂದು ನಿಮಿಷ ತಳ್ಳಿದರೆ ಟಿವಿಯವರೇ ಬಿಡುವು ಕೊಡ್ತಾರೆ, ನನ್ನ ಟೈಮ್‌ಔಟ್ ಉಳಿಯುತ್ತೆ ಅಂತ. ಅಂದರೆ ಟಿವಿ ಆಟದ ಹೊರಗೆ ನಿಂತು ತೋರಿಸ್ತಾ ಇಲ್ಲ, ಕೋರ್ಟಿನೊಳಗೇ ಇದೆ.

ಇದು ಶುರುವಾದದ್ದು ಎಲ್ಲಿಂದ ಅಂತ ಅಲ್ಲಿನ ಹಿರಿಯರು ಹೇಳುತ್ತಿದ್ದ ಕಥೆ ಒಂದಿದೆ. 1968ರ ಜನವರಿ, ಹ್ಯೂಸ್ಟನ್‌ನ ಆಸ್ಟ್ರೊಡೋಮ್. ಬೇಸ್‌ಬಾಲ್ ಆಡುವ ದೊಡ್ಡ ಒಳಾಂಗಣ ಸ್ಟೇಡಿಯಂ, ಅದರ ಮಧ್ಯೆ ಒಂಟಿ ಬ್ಯಾಸ್ಕೆಟ್‌ಬಾಲ್ ಕೋರ್ಟ್ ತಂದು ಹಾಸಿದ್ದರು. ಜನ 52 ಸಾವಿರಕ್ಕೂ ಜಾಸ್ತಿ. 47 ಆಟ ಸತತ ಗೆದ್ದಿದ್ದ ಯುಸಿಎಲ್‌ಎಗೆ ಹ್ಯೂಸ್ಟನ್ 71–69ರಲ್ಲಿ ಸೋಲುಣಿಸಿತು. ಎಲ್ವಿನ್ ಹೇಯ್ಸ್ ಒಬ್ಬನೇ 39 ಪಾಯಿಂಟ್ ಹೊಡೆದ. ಯುಸಿಎಲ್‌ಎ ಕಡೆ ಲ್ಯೂ ಆಲ್ಸಿಂಡರ್, ಅಂದರೆ ಆಮೇಲೆ ಕರೀಮ್ ಅಬ್ದುಲ್ ಜಬ್ಬಾರ್ ಆದವರು, ಕಣ್ಣಿಗೆ ಪೆಟ್ಟಾಗಿದ್ದರೂ ಆಡಿದರು. ದೊಡ್ಡ ನೆಟ್‌ವರ್ಕ್‌ಗಳು ಕಾಲೇಜು ಲೀಗ್ ಆಟವನ್ನು ರಾತ್ರಿ ಮುಖ್ಯ ಹೊತ್ತಿನಲ್ಲಿ ದೇಶಕ್ಕೆಲ್ಲ ತೋರಿಸುತ್ತಿರಲಿಲ್ಲ. ಟಿವಿಎಸ್ ಅನ್ನೋ ಸಣ್ಣ ಕಂಪನಿ ಊರೂರಿನ ಸ್ಟೇಷನ್‌ಗಳನ್ನು ಒಟ್ಟುಗೂಡಿಸಿ ಅದನ್ನು ತೋರಿಸಿತು. ಈ ಆಟ ಮಾರಾಟ ಆಗುತ್ತೆ ಅಂತ ಎಲ್ಲರಿಗೂ ಗೊತ್ತಾಗಿದ್ದು ಆಗ. 1979ರ ಫೈನಲ್‌ನಲ್ಲಿ ಮ್ಯಾಜಿಕ್ ಜಾನ್ಸನ್ ಮತ್ತು ಲ್ಯಾರಿ ಬರ್ಡ್ ಎದುರುಬದುರು ಆಡಿದರಲ್ಲ, ಅದಕ್ಕೆ ಸಿಕ್ಕಿದ ಟಿವಿ ರೇಟಿಂಗನ್ನು ಆಮೇಲೆ ಅಲ್ಲಿನ ಯಾವ ಬ್ಯಾಸ್ಕೆಟ್‌ಬಾಲ್ ಆಟವೂ ಮುಟ್ಟಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಇಎಸ್‌ಪಿಎನ್ ಶುರುವಾಯಿತು. 24 ಗಂಟೆ ತುಂಬಿಸೋಕೆ ಅವರಿಗೆ ಆಟ ಬೇಕಿತ್ತು, ಕಾಲೇಜುಗಳಿಗೆ ಟಿವಿ ಬೇಕಿತ್ತು.

ನಾನು ಹೋದ ಹೊಸದರಲ್ಲಿ ಟೂರ್ನಮೆಂಟ್ ಪೂರ್ತಿ ಸಿಬಿಎಸ್ ಅನ್ನೋ ಒಂದೇ ಚಾನೆಲ್‌ನಲ್ಲಿ. ಒಂದೇ ಹೊತ್ತಿಗೆ ನಾಲ್ಕು ಆಟ ನಡೀತಿದ್ರೂ ನಮ್ಮ ಊರಿನ ಸ್ಟೇಷನ್ ಯಾವುದು ಹಾಕುತ್ತೋ ಅದೇ ಗತಿ. ಎಲ್ಲೋ ಸಣ್ಣ ಕಾಲೇಜು ದೊಡ್ಡದನ್ನು ಸೋಲಿಸ್ತಾ ಇದೆ ಅಂತ ಮೂಲೆಯಲ್ಲಿ ಸ್ಕೋರ್ ಬರುತ್ತೆ, ನಮ್ಮ ಮುಂದೆ 20 ಪಾಯಿಂಟ್ ಅಂತರದ ಸಪ್ಪೆ ಆಟ. ರೂಮಲ್ಲಿದ್ದ ಆರು ಜನ ಟಿವಿಗೆ ಬೈಯುತ್ತಿದ್ದೆವು. ಕೊನೇ ನಿಮಿಷಕ್ಕೆ ಸರಕ್ ಅಂತ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು, ಆಗ ರೂಮಲ್ಲಿ ಆಗುತ್ತಿದ್ದ ಗಲಾಟೆ ಇದೆಯಲ್ಲ, ಕೆಳಗಿನ ಮನೆಯಾಕೆ ಸೂರಿಗೆ ಪೊರಕೆಯಿಂದ ಕುಟ್ಟುತ್ತಿದ್ದಳು. 2010ರಲ್ಲಿ ಸಿಬಿಎಸ್ ಮತ್ತು ಟರ್ನರ್ ಅನ್ನೋ ಕೇಬಲ್ ಚಾನೆಲ್ ಕಂಪನಿ ಸೇರಿ 14 ವರ್ಷಕ್ಕೆ 1,080 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡವು. 2011ರಿಂದ ನಾಲ್ಕು ಚಾನೆಲ್, ಪ್ರತಿ ಆಟವೂ ಪೂರ್ತಿ. ಬೇಕಾದ್ದು ನೋಡಬಹುದು. ಆದರೆ ಆರು ಜನ ಆರು ಆಟ ಅಂತ ರಿಮೋಟಿಗೆ ಕಿತ್ತಾಡಿ, ಕೊನೆಗೆ ಒಬ್ಬೊಬ್ಬರೂ ತಮ್ಮ ಲ್ಯಾಪ್‌ಟಾಪ್ ಹಿಡಿದು ಮೂಲೆ ಸೇರಿದೆವು.

ದುಡ್ಡಿನ ವಿಷಯ ಬಿಡಿಸಿ ಹೇಳೋಕೆ ಹೋದರೆ ಬೆಳಗಾಗುತ್ತೆ. ಹಿಂದೆ ಯೂಯಿಂಗ್ ಥರದವರೂ ನಾಲ್ಕು ವರ್ಷ ಕಾಲೇಜಲ್ಲಿ ಇರುತ್ತಿದ್ದರು, ನೋಡುವವರಿಗೆ ಮನೆ ಮಗನ ಹಾಗೆ ಪರಿಚಯ. ಈಗ ಒಳ್ಳೆ ಹುಡುಗ ಒಂದೇ ವರ್ಷ ಆಡಿ ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎಗೆ ಹೋಗುತ್ತಾನೆ, ಉಳಿದವರು ವರ್ಷಕ್ಕೊಂದು ಕಾಲೇಜು ಬದಲಾಯಿಸಬಹುದು. 2021ರ ಜುಲೈಯಿಂದ ಅವರು ತಮ್ಮ ಹೆಸರು, ಮುಖ ಮಾರಿ ದುಡ್ಡು ಮಾಡಬಹುದು. ನಾನು ಇದನ್ನು ತಪ್ಪು ಅನ್ನಲ್ಲ. ಕೋಚ್, ಚಾನೆಲ್, ಕಾಲೇಜು ಎಲ್ಲರೂ ಕೋಟಿ ಎಣಿಸುವಾಗ ಬೆವರು ಸುರಿಸೋನು ಮಾತ್ರ ಬರಿಗೈಲಿ ಇರಬೇಕಾ? ನನಗೆ ಸಿಟ್ಟು ಬರೋದು ಬೇರೆ ಕಡೆ. ಟಿವಿ ದುಡ್ಡಿನ ಹಿಂದೆ ಹೋಗಿ ಲೀಗ್‌ಗಳನ್ನೇ ಕಲಸಿಬಿಟ್ಟರು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ 2024ರಿಂದ ಆಡುತ್ತಿರುವ ಲೀಗಿನ ಹೆಸರು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್. ಪೆಸಿಫಿಕ್ ಕಡೆಯ ಕಾಲೇಜು! ಮಂಗಳೂರಿನ ಕಾಲೇಜು ಬೀದರ್ ಜಿಲ್ಲಾ ಮಟ್ಟದ ಟೂರ್ನಮೆಂಟಿಗೆ ಹೆಸರು ಕೊಟ್ಟ ಹಾಗೆ.

ಜರ್ಸಿ ನಂಬರ್ 11

ನಾನು ಹಾಸನದಲ್ಲೇ ಓದ್ತಾ ಇದ್ದೀನಿ, ಕಾಲೇಜ್ ಟೀಮಲ್ಲಿ ಆಡ್ತೀನಿ. ದೊಡ್ಡವರೆಲ್ಲ ಇಷ್ಟುದ್ದ ಬರೆದಿದ್ದೀರಿ, ಹುಡುಗಿಯರ ಆಟದ ಬಗ್ಗೆ ಒಂದು ಸಾಲೂ ಇಲ್ಲ. ಬೇಜಾರಿನಿಂದ ಹೇಳ್ತಿಲ್ಲ. ಸರಿ, ಸ್ವಲ್ಪ ಬೇಜಾರಿನಿಂದಲೇ ಹೇಳ್ತಿದ್ದೀನಿ.

2024ರಲ್ಲಿ ಅಲ್ಲಿ ಹೆಂಗಸರ ಫೈನಲ್, ಸೌತ್ ಕೆರೊಲಿನಾ 87, ಅಯೋವಾ 75. ಅದನ್ನು ಟಿವಿಯಲ್ಲಿ ನೋಡಿದವರು 1 ಕೋಟಿ 80 ಲಕ್ಷಕ್ಕೂ ಜಾಸ್ತಿ. ಮಾರನೇ ದಿನದ ಗಂಡಸರ ಫೈನಲ್ ಒಂದೂವರೆ ಕೋಟಿ ಮುಟ್ಟಲಿಲ್ಲ. ಹಾಗೆ ಆಗಿದ್ದು ಅದೇ ಮೊದಲು. ಎಲ್ಲ ಅಯೋವಾದ ಸ್ಟಾರ್ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ ಇಂದ ಅಂತಾರೆ, ಅದು ನಿಜ. ಆದರೆ ಹೆಂಗಸರ ಆಟ ಕೇಬಲ್ ಇಲ್ಲದೆಯೂ ಸಿಗುವ ಎಬಿಸಿ ಚಾನೆಲ್‌ನಲ್ಲಿ ಭಾನುವಾರ ಮಧ್ಯಾಹ್ನ ಬಂತು, ಗಂಡಸರದ್ದು ಕೇಬಲ್ ಚಾನೆಲ್‌ನಲ್ಲಿ ಸೋಮವಾರ ರಾತ್ರಿ. ನೋಡೋಕೆ ಸಿಗೋ ಕಡೆ ಹಾಕಿದರೆ ಜನ ನೋಡ್ತಾರೆ, ಅಷ್ಟೇ. ಅದಕ್ಕೆ ಮೂರೇ ವರ್ಷ ಮುಂಚೆ, 2021ರಲ್ಲಿ, ಅದೇ ಟೂರ್ನಮೆಂಟಿನಲ್ಲಿ ಗಂಡಸರಿಗೆ ದೊಡ್ಡ ಜಿಮ್, ಹೆಂಗಸರಿಗೆ ಒಂದು ಸ್ಟ್ಯಾಂಡಿನಲ್ಲಿ ಕೆಲವೇ ಜೊತೆ ಡಂಬೆಲ್. ಒಬ್ಬ ಆಟಗಾರ್ತಿ ಫೋನಿನಲ್ಲಿ ವಿಡಿಯೊ ಮಾಡಿ ಹಾಕಿದ ಮೇಲೆ ಗಲಾಟೆ ಆಗಿ ಸರಿ ಮಾಡಿದರು. ಟಿವಿ ತೋರಿಸದೆ ಇದ್ದದ್ದನ್ನು ಫೋನ್ ತೋರಿಸಿತು.

ನಾನು ಇಡೀ ಆಟ ಕೂತು ನೋಡಿದ್ದು ಕಡಿಮೆ, ಒಪ್ಕೋತೀನಿ. ಕ್ಲಿಪ್ ನೋಡ್ತೀನಿ. ಸ್ಟೆಪ್ ಬ್ಯಾಕ್, ಅಂದ್ರೆ ಹಿಂದಕ್ಕೆ ಹೆಜ್ಜೆ ಇಟ್ಟು ಶಾಟ್ ಹೊಡೆಯೋದು, ಕಲಿತಿದ್ದು ಹಾಗೇ, ಕಾಲು ಭಾಗ ಸ್ಪೀಡಿಗೆ ಇಳಿಸಿ, ಕ್ಲಿಪ್ಪಿನಲ್ಲಿರೋ ಆಟಗಾರ್ತಿ ಎಡಗಾಲು ಎಲ್ಲಿ ಊರ್ತಾಳೆ ಅಂತ ಹತ್ತು ಸಲ ನೋಡಿ, ಆಮೇಲೆ ಕೋರ್ಟಿಗೆ ಹೋಗಿ ಬಿದ್ದು ಮೊಣಕಾಲು ಕೆತ್ತಿಸಿಕೊಂಡು. ಅಂಕಲ್‌ಗಳೇ, ನಿಮಗೆ ಕ್ಯಾಸೆಟ್ ಬರೋಕೆ ತಿಂಗಳುಗಟ್ಟಲೆ ಬೇಕಿತ್ತು, ನನಗೆ ರಾತ್ರಿ ಆಡಿದ್ದು ಬೆಳಿಗ್ಗೆ ಪ್ರಾಕ್ಟೀಸ್‌ಗೆ ಸಿಗುತ್ತೆ. ಬೆಂಗಳೂರಿನ ಸಂಜನಾ ರಮೇಶ್ ಇಲ್ಲಿಂದ ಹೋಗಿ ನಾರ್ದರ್ನ್ ಅರಿಜೋನಾ ಯೂನಿವರ್ಸಿಟಿಗೆ ಆಡಿದರಲ್ಲ, ಅವರ ಕ್ಲಿಪ್ ನಮ್ಮ ಟೀಮ್ ಗ್ರೂಪಿನಲ್ಲಿ ಎಷ್ಟು ಸಲ ಓಡಾಡಿದೆಯೋ ಲೆಕ್ಕ ಇಲ್ಲ.

ಸಾಲಗಾಮೆ ರೋಡ್ ಹುಡುಗ, ಹಾಸನ

ಎಲ್ಲರಿಗೂ ಥ್ಯಾಂಕ್ಸ್. ಡಿಶ್ ಅಂಗಡಿ ಅಣ್ಣ ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಮೊದಲು "ನೋಡಿದ್ಯಾ" ಅಂತ ಮೀಸೆ ತಿರುವಿದರು. ಅಮ್ಮನನ್ನು ಅಡುಗೆಮನೆಯಿಂದ ಕರೆದು ಅವರಿಗೂ ಓದಿಸಿದರು.

ನಾನು ಸುಮ್ಮನಿರದೆ 66–64ರ ಸೆಕೆಂಡ್ ಹಾಫ್ ಬಗ್ಗೆ ಕೇಳಿದೆ. ಒಂದೇ ಶಾಟ್ ತಪ್ಪಿತಂತಲ್ಲ, ಅದು ಯಾವಾಗ, ಹೇಗಿತ್ತು ಅಂತ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. 2025ರ ಫೈನಲ್‌ನ ಕೊನೇ ಕ್ಷಣದ ಬಗ್ಗೆ ಹೇಳೋಕೆ ಶುರು ಮಾಡಿದರು. ಹ್ಯೂಸ್ಟನ್ ಹುಡುಗ ಶಾಟ್‌ಗೆ ಅಂತ ಮೇಲಕ್ಕೆ ಹಾರಿದ, ಫ್ಲಾರಿಡಾದ ಕ್ಲೇಟನ್ ಓಡಿಬಂದು ಕೈ ಅಡ್ಡ ಇಟ್ಟ, ಇವನು ಗಾಳಿಯಲ್ಲೇ ಬಾಲ್ ಕೆಳಗೆ ಬಿಟ್ಟ. ಅವನೇ ಮೊದಲು ಮುಟ್ಟಿದರೆ ಟ್ರಾವೆಲ್ ಅಂತ ತಪ್ಪು ಕೊಟ್ಟು ಬಾಲ್ ಎದುರಾಳಿಗೆ ಹೋಗುತ್ತೆ, ಮುಟ್ಟದಿದ್ದರೆ ಟೈಮ್ ಹೋಗುತ್ತೆ. ಎದುರಿಗೇ ಪುಟಿಯುತ್ತಿದ್ದ ಬಾಲನ್ನು ನೋಡುತ್ತ ನಿಂತ, ಫ್ಲಾರಿಡಾದವನು ಬಿದ್ದು ಅವುಚಿಕೊಂಡ, 65–63. "ಅದು ಡಿಫೆನ್ಸ್ ಕಣೋ" ಅಂದರು ಅಪ್ಪ. ಬೆಳಿಗ್ಗೆ ಆಟವೇ ಅಲ್ಲ ಅಂದಿದ್ದವರು!

ನಾನು ಬಿಡಲಿಲ್ಲ. 85ರದ್ದು ಹೇಳಿ ಅಂದೆ.

ಕೊನೆಗೆ ಬಾಯಿಬಿಟ್ಟರು. ಆ ಮನೆಯ ಟಿವಿ ಹಳೇ ಸೆಟ್ ಅಂತೆ, ತಿರುಪು ಬಿಟ್ಟ ಕೂಡಲೇ ಚಿತ್ರ ಉರುಳುತ್ತಿತ್ತಂತೆ. ಹಾಫ್‌ಟೈಮ್‌ನಲ್ಲಿ ಚೀಟಿ ಎತ್ತಿದರಂತೆ, ಯಾರು ಹಿಂದೆ ಕೂರಬೇಕು ಅಂತ. ಅಪ್ಪನ ಹೆಸರು ಬಂತಂತೆ. ಸೆಕೆಂಡ್ ಹಾಫ್ ಪೂರ್ತಿ ಟಿವಿ ಹಿಂದೆ ಗೋಡೆಗೆ ಅಂಟಿಕೊಂಡು ಸ್ಕ್ರೂಡ್ರೈವರ್ ಹಿಡಿದು ಕೂತಿದ್ದು, ಎದುರಿಗೆ ಕೂತಿದ್ದ ಹನ್ನೊಂದು ಜನರ ಮುಖ ನೋಡಿಯೇ ಬಾಲ್ ಬಿತ್ತೋ ಇಲ್ವೋ ಅಂತ ತಿಳ್ಕೊಂಡಿದ್ದು.